ಕೈಗೆಲಸದ ಸ್ಪ್ಯಾನಿಷ್ ಗಿಟಾರ್: ಮರ ಆರಿಸುವುದರಿಂದ ಮನೆ ತುಂಬಿಸಿಕೊಳ್ಳುವವರೆಗೆ

ಗ್ರನಾಡಾದಲ್ಲಿ ಅಲ್ಹಂಬ್ರಾ ಅರಮನೆಯತ್ತ ಏರುವ ಕುಯೆಸ್ತಾ ದೆ ಗೋಮೆರೆಸ್ ಎಂಬ ಕಡಿದಾದ ಬೀದಿಯಲ್ಲಿ, ಪ್ರವಾಸಿಗರಿಗೆ ಆಟಿಕೆ ಮಾರುವ ಅಂಗಡಿಗಳ ನಡುವೆ, ಗಿಟಾರ್ ಮಾಡುವವರ ಕೋಣೆಗಳಿವೆ. ಒಂದು ಕೆಲಸದ ಮೇಜು, ಗೋಡೆಗೆ ತೂಗುಹಾಕಿದ ಉಳಿ ಮತ್ತು ಹತ್ತರಿಗಳು, ಮೂಲೆಯಲ್ಲಿ ವರ್ಷಗಟ್ಟಲೆ ಒಣಗುತ್ತಿರುವ ಹಲಗೆಗಳು, ಒಬ್ಬರೋ ಇಬ್ಬರೋ ಮನುಷ್ಯರು. ಅಲ್ಲಿಂದ ವರ್ಷಕ್ಕೆ ಹೊರಬರುವುದು ಬೆರಳೆಣಿಕೆಯಷ್ಟು ವಾದ್ಯ. ಹೊಸದಾಗಿ ಹೆಸರು ಮಾಡುತ್ತಿರುವವರ ಗಿಟಾರಿಗೆ ಮೂರು ನಾಲ್ಕು ಸಾವಿರ ಯೂರೊ; ಹೆಸರು ಗಟ್ಟಿಯಾದವರದ್ದು ಹತ್ತು ಸಾವಿರವನ್ನೂ ಸಲೀಸಾಗಿ ದಾಟುತ್ತದೆ. ಕಾಯುವ ಅವಧಿ ಒಂದು ವರ್ಷದಿಂದ ಹಲವು ವರ್ಷಗಳವರೆಗೆ.

ಇಷ್ಟು ಹಣ, ಇಷ್ಟು ಕಾಲ ಹಾಕುವವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಒಂದು ದೊಡ್ಡ ಹೆಸರನ್ನು ಹಿಡಿದು ಹೊರಡುವುದು. ಅದು ತಲೆಕೆಳಗಾದ ಕ್ರಮ. ನುಡಿಸುವ ಸಂಗೀತ, ನಿಮ್ಮ ಕೈ, ನಿಮ್ಮ ಊರಿನ ಹವೆ, ಇವು ಮೊದಲು. ತಯಾರಕನ ಹೆಸರು ಕೊನೆಗೆ. ಈ ಮಾರ್ಗದರ್ಶಿ ಆ ಕ್ರಮದಲ್ಲೇ ಸಾಗುತ್ತದೆ.

ಇನ್ನೂ ಒಂದು ಮಾತು ಮುಂಚೆಯೇ. ನೀವು ಕಲಿಯಲು ತೊಡಗಿ ಎರಡು ಮೂರು ವರ್ಷವಷ್ಟೇ ಆಗಿದ್ದರೆ ಇದನ್ನು ಓದಿ ಇಟ್ಟುಕೊಳ್ಳಿ, ಹಣ ಕಟ್ಟಬೇಡಿ. ವಲೆನ್ಸಿಯಾ ಸೀಮೆಯ ಕಾರ್ಖಾನೆಗಳು ಒಳ್ಳೆಯ ಗಿಟಾರ್‌ಗಳನ್ನೇ ಮಾಡುತ್ತವೆ. ಮುರೊ ದೆ ಅಲ್ಕೋಯ್ ಊರಿನಲ್ಲಿ 1965ರಲ್ಲಿ ಶುರುವಾದ ಅಲ್ಹಂಬ್ರಾ ಕಂಪನಿಯದ್ದು ಅದಕ್ಕೆ ಉದಾಹರಣೆ. ಅಖಂಡ ಮರದ ಮೇಲ್ಹಲಗೆ ಇರುವ ಅಂಥದೊಂದು ಗಿಟಾರಿನಲ್ಲಿ ನಿಮಗೆ ಏನು ಸಾಲುತ್ತಿಲ್ಲ ಎಂದು ನಾಲ್ಕು ವಾಕ್ಯಗಳಲ್ಲಿ ಹೇಳಲು ಬರುವ ದಿನ ಕೈಗೆಲಸದ ವಾದ್ಯಕ್ಕೆ ನೀವು ಸಿದ್ಧರಾದಂತೆ.

ಹಂತ 1: ಕ್ಲಾಸಿಕಲ್ಲೋ, ಫ್ಲಾಮೆಂಕೋ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ್ದು ಕ್ಲಾಸಿಕಲ್ ಗಿಟಾರ್, ದಕ್ಷಿಣ ಸ್ಪೇನ್‌ನ ಹಾಡು ಕುಣಿತದ್ದು ಫ್ಲಾಮೆಂಕೊ ಗಿಟಾರ್. ದೂರದಿಂದ ನೋಡಿದರೆ ಎರಡೂ ಒಂದೇ. ಆರು ನೈಲಾನ್ ತಂತಿ, ಅಗಲವಾದ ಕುತ್ತಿಗೆ, ನಡುವೆ ದುಂಡು ರಂಧ್ರ, ಅದರ ಸುತ್ತ ಬಣ್ಣದ ಮರದ ಚೂರುಗಳ ಚಿತ್ತಾರ. ಹತ್ತೊಂಬತ್ತನೇ ಶತಮಾನದಲ್ಲಿ ಇವೆರಡರ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಜೇಬಿನದು. ಸೈಪ್ರಸ್ ಸ್ಪೇನ್‌ನಲ್ಲೇ ಬೆಳೆಯುವ ಅಗ್ಗದ ಮರ. ಬೀಟೆಯಂಥ ಮರ ಹಡಗಿನಲ್ಲಿ ಬರಬೇಕಿತ್ತು. ಹಾಡುಗಾರಿಕೆ ಮತ್ತು ಕುಣಿತಕ್ಕೆ ಜೊತೆ ಕೊಡುತ್ತಿದ್ದ ಆಂಡಲೂಸಿಯಾದ ವಾದಕರ ಕೈಗೆ ಸೈಪ್ರಸ್ ಗಿಟಾರ್ ಬಂತು, ಅವರ ಸಂಗೀತ ಅದರ ಸ್ವರಕ್ಕೆ ಒಗ್ಗಿತು, ಆಮೇಲೆ ತಯಾರಕರು ಆ ಸಂಗೀತಕ್ಕೆಂದೇ ಗಿಟಾರನ್ನು ತಿದ್ದುತ್ತ ಹೋದರು.

ಇವತ್ತಿನ ಫ್ಲಾಮೆಂಕೊ ಗಿಟಾರಿನ ಸ್ವರ ಥಟ್ಟನೆ ಏಳುತ್ತದೆ, ಬೇಗ ಇಳಿಯುತ್ತದೆ. ನರ್ತಕಿಯ ಹಿಮ್ಮಡಿಯ ಸದ್ದು, ಚಪ್ಪಾಳೆ, ಗಾಯಕನ ಏರು ದನಿ, ಇಷ್ಟರ ನಡುವೆ ಅದು ಕೇಳಿಸಬೇಕು. ಐದು ಬೆರಳೂ ಬೀಸಿ ಬರುವ ರಾಸ್ಗೆಯಾದೊದಲ್ಲಿ ಪ್ರತಿ ಬೆರಳಿನ ಹೊಡೆತ ಬಿಡಿಬಿಡಿಯಾಗಿ ಕೇಳಿಸಬೇಕಾದರೆ ಹಿಂದಿನ ಸ್ವರ ಜಾಗ ಖಾಲಿ ಮಾಡಿರಬೇಕು. ಕ್ಲಾಸಿಕಲ್ ಗಿಟಾರಿನ ಕೆಲಸ ತದ್ವಿರುದ್ಧ. ಮೇಲಿನ ರಾಗದ ಎಳೆ ಉಳಿದುಕೊಂಡು ಕೆಳಗಿನ ಎರಡು ದನಿಗಳ ಮೇಲೆ ತೇಲಬೇಕು, ಬಲಗೈ ಜರುಗಿದಂತೆ ಬಣ್ಣ ಬದಲಾಗಬೇಕು.

ಈ ವ್ಯತ್ಯಾಸ ಅಳತೆಗಳಲ್ಲಿ ಕಾಣುತ್ತದೆ. ಫ್ಲಾಮೆಂಕೊದಲ್ಲಿ ಬ್ರಿಡ್ಜ್ (ತಂತಿಗಳನ್ನು ಮೇಲ್ಹಲಗೆಗೆ ಕಟ್ಟುವ ಮರದ ತುಂಡು) ಹತ್ತಿರ ತಂತಿಗಳು ಮೇಲ್ಹಲಗೆಯಿಂದ 7–8 ಮಿ.ಮೀ. ಎತ್ತರದಲ್ಲಿರುತ್ತವೆ, ಕ್ಲಾಸಿಕಲ್‌ನಲ್ಲಿ 10–11. ಬೆರಳಿನಿಂದ ಮರವನ್ನು ತಟ್ಟುವ ಗೋಲ್ಪೆಗೆ ಆ ತಗ್ಗು ಬೇಕು. ತಟ್ಟಿದ ಉಗುರು ಮರವನ್ನು ತಿನ್ನದಿರಲೆಂದು ಗೋಲ್ಪೆಯಾದೋರ್ ಎಂಬ ತೆಳು ಪಾರದರ್ಶಕ ಹಾಳೆ ಅಂಟಿಸಿರುತ್ತಾರೆ. ಕುತ್ತಿಗೆಯ ಮೇಲಿನ ಅಡ್ಡ ಲೋಹಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, 12ನೆಯದರ ಮೇಲೆ ತಂತಿಯ ಎತ್ತರ ಕ್ಲಾಸಿಕಲ್‌ನಲ್ಲಿ ಮೊದಲ ತಂತಿಗೆ 3, ಆರನೆಯದಕ್ಕೆ 4 ಮಿ.ಮೀ. ಆಸುಪಾಸು, ಫ್ಲಾಮೆಂಕೊದಲ್ಲಿ 2.5 ಮತ್ತು 3. ತಗ್ಗಿಸಿದ ತಂತಿ ಜೋರಾಗಿ ಮೀಟಿದಾಗ ಫ್ರೆಟ್ಟಿಗೆ ತಾಗಿ ಜರಜರ ಎನ್ನುತ್ತದೆ. ಕ್ಲಾಸಿಕಲ್ ವಾದಕನಿಗೆ ಅದು ದೋಷ, ಫ್ಲಾಮೆಂಕೊದವನಿಗೆ ಸ್ವರದ ಒಂದು ಖಾರ. ಸೈಪ್ರಸ್ ಗಿಟಾರನ್ನು ಮೊದಲ ಬಾರಿ ಎತ್ತಿಕೊಂಡಾಗ ಒಳಗೆ ಏನೂ ಇಲ್ಲವೇನೋ ಎನಿಸುತ್ತದೆ: 1.2 ಕಿಲೊ ಸುಮಾರು.

ಸೈಪ್ರಸ್ಸಿನದು ಬ್ಲಾಂಕಾ, ಅಂದರೆ ಬಿಳಿ. ಫ್ಲಾಮೆಂಕೊ ಅಳತೆಯಲ್ಲೇ ಬೀಟೆಯ ಒಡಲಿಟ್ಟು ಮಾಡಿದ್ದು ನೆಗ್ರಾ, ಕಪ್ಪು. ವೇದಿಕೆಯ ಮೇಲೆ ಒಂಟಿಯಾಗಿ ಕೂತು ಕಛೇರಿ ಕೊಡುವ ಫ್ಲಾಮೆಂಕೊ ವಾದಕರು ಬೆಳೆದಂತೆ ನೆಗ್ರಾ ಬೆಳೆಯಿತು. ಹೆಸರಾಂತ ಫ್ಲಾಮೆಂಕೊ ವಾದಕ ಪಾಕೊ ದೆ ಲೂಸಿಯಾ ಕೈಯಲ್ಲಿದ್ದ ಮ್ಯಾಡ್ರಿಡ್‌ನ ಕೋಂದೆ ಮನೆತನದ ಗಿಟಾರ್‌ಗಳು ಅದನ್ನು ಜಗತ್ತಿಗೆ ಪರಿಚಯಿಸಿದವು. ಎರಡು ಬಗೆಯ ಸಂಗೀತಕ್ಕೂ ಒಂದೇ ಗಿಟಾರ್ ಸಾಕು ಎಂದು ನೆಗ್ರಾವನ್ನು ತೋರಿಸುವ ಮಾರಾಟಗಾರರಿದ್ದಾರೆ. ನಂಬಬೇಡಿ. ನೆಗ್ರಾ ಎಂದರೆ ದನಿ ತುಸು ದಟ್ಟವಾದ ಫ್ಲಾಮೆಂಕೊ ಗಿಟಾರೇ. ನೀವು ಹೆಚ್ಚಾಗಿ ನುಡಿಸುವುದು ಬಾಖ್, ತಾರೆಗಾ ಆದರೆ ಕ್ಲಾಸಿಕಲ್ ಗಿಟಾರ್ ಮಾಡಿಸಿ, ಫ್ಲಾಮೆಂಕೊ ಚಪಲಕ್ಕೆ ಕಡಿಮೆ ಬೆಲೆಯ ಸೈಪ್ರಸ್ ಒಂದನ್ನು ಇಟ್ಟುಕೊಳ್ಳಿ.

ಹಂತ 2: ಮೇಲ್ಹಲಗೆ ಮೊದಲು, ಉಳಿದದ್ದು ಆಮೇಲೆ

ಅಲ್ಮೆರಿಯಾ ಬಳಿಯ ಹಳ್ಳಿಯಲ್ಲಿ 1817ರಲ್ಲಿ ಹುಟ್ಟಿ, ಸೆವಿಲ್‌ನಲ್ಲಿ ಹೆಸರು ಮಾಡಿದ ಬಡಗಿ ಆಂತೋನಿಯೊ ದೆ ತೋರೆಸ್ 1862ರಲ್ಲಿ ಒಂದು ವಿಚಿತ್ರ ಗಿಟಾರ್ ಮಾಡಿದ. ಅದರ ಹಿಂಭಾಗ ಮತ್ತು ಪಕ್ಕಗಳು ಕಾಗದದ ಮುದ್ದೆಯವು. ಮೇಲ್ಹಲಗೆ ಮಾತ್ರ ಅಸಲಿ ಮರ. ಗಿಟಾರಿನ ದನಿ ಇರುವುದು ಎಲ್ಲಿ ಎಂಬುದನ್ನು ತೋರಿಸಲೆಂದೇ ಮಾಡಿದ್ದು. ಆ ವಾದ್ಯ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇಂದು ಲೋಕದಲ್ಲಿ ಕ್ಲಾಸಿಕಲ್ ಗಿಟಾರ್ ಎನಿಸಿಕೊಂಡ ಬಹುಪಾಲು ವಾದ್ಯಗಳ ಒಡಲಿನ ಗಾತ್ರ, 650 ಮಿ.ಮೀ. ತಂತಿ ಉದ್ದ, ಮೇಲ್ಹಲಗೆಯ ಅಡಿಗೆ ಬೀಸಣಿಗೆಯಂತೆ ಹರಡಿದ ಏಳು ಕಡ್ಡಿಗಳು, ಎಲ್ಲವೂ ಆತ ನೆಲೆಗೊಳಿಸಿದ ಮಾದರಿ. ಇಷ್ಟಾದರೂ ಆತ ನಡುವೆ ಕೆಲ ವರ್ಷ ಗಿಟಾರ್ ಬಿಟ್ಟು ಅಲ್ಮೆರಿಯಾದಲ್ಲಿ ಪಿಂಗಾಣಿ ಸಾಮಾನಿನ ಅಂಗಡಿ ನಡೆಸಿದ್ದ ಎಂಬುದನ್ನು ನೆನೆದರೆ ಈ ಕಸುಬಿನ ಆದಾಯ ಎಂಥದಿತ್ತು ಎಂದು ತಿಳಿಯುತ್ತದೆ.

ಹಾಗಾಗಿ ತಯಾರಕರೊಂದಿಗೆ ಮಾತು ಶುರುಮಾಡುವಾಗ ಮೇಲ್ಹಲಗೆಯಿಂದ ಶುರುಮಾಡಿ. ಆಯ್ಕೆ ಎರಡು: ಯೂರೋಪಿನ ಸ್ಪ್ರೂಸ್, ಅಥವಾ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕೆಂಪು ಸೀಡರ್. ಮೊದಲೆಲ್ಲ ಸ್ಪ್ರೂಸ್ ಒಂದೇ ಇತ್ತು. ಮ್ಯಾಡ್ರಿಡ್‌ನ ತಯಾರಕ ಮೂರನೇ ಹೊಸೆ ರಮೀರೆಸ್ 1960ರ ದಶಕದಲ್ಲಿ ಸೀಡರ್ ಬಳಕೆಗೆ ತಂದರು, ಹೆಸರಾಂತ ಕ್ಲಾಸಿಕಲ್ ವಾದಕ ಆಂದ್ರೆಸ್ ಸೆಗೋವಿಯಾ ಅಂಥ ಗಿಟಾರ್ ನುಡಿಸಿದ ಮೇಲೆ ಎಲ್ಲರೂ ಹಿಂಬಾಲಿಸಿದರು. ಸೀಡರ್ ತಿಳಿಗಂದು, ಮೃದು, ಮೊದಲ ದಿನದಿಂದಲೇ ಬಾಯಿಬಿಟ್ಟು ಮಾತಾಡುತ್ತದೆ, ದನಿ ಬೆಚ್ಚಗೆ. ಸ್ಪ್ರೂಸ್ ಬೆಳ್ಳಗೆ, ಗಡಸು; ಹೊಸದರಲ್ಲಿ ಬಿಗುವಾಗಿದ್ದು ನುಡಿಸಿದಂತೆ ತೆರೆದುಕೊಳ್ಳುತ್ತದೆ, ಸ್ವರಗಳ ನಡುವಿನ ಗೆರೆ ಸ್ಪಷ್ಟ. ಫ್ಲಾಮೆಂಕೊಗೆ ಬಹುತೇಕ ಸ್ಪ್ರೂಸೇ. ಮೊದಲ ಮೂರು ತಿಂಗಳಲ್ಲಿ ಸ್ಪ್ರೂಸ್ ಗಿಟಾರಿನ ಬಗ್ಗೆ ತೀರ್ಪು ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಲಗೆಯನ್ನು ಕಣ್ಣಿನಿಂದ ಓದುವುದು ಹೀಗೆ. ದಿಮ್ಮಿಯ ನಡುವಿನಿಂದ ಹೊರಕ್ಕೆ ಸೀಳಿ, ಆ ಸೀಳನ್ನು ಪುಸ್ತಕದಂತೆ ಬಿಡಿಸಿ, ಎರಡು ಭಾಗಗಳನ್ನು ನಡುಗೆರೆಯಲ್ಲಿ ಅಂಟಿಸಿರುತ್ತಾರೆ. ನಾರುಗೆರೆಗಳು ನೇರವಾಗಿ, ತಲೆಯಿಂದ ಬುಡದವರೆಗೆ ಓಡಬೇಕು. ಗೆರೆಗಳಿಗೆ ಅಡ್ಡಲಾಗಿ ರೇಷ್ಮೆಯ ಹೊಳಪಿನ ಸಣ್ಣ ಚುಕ್ಕೆಪಟ್ಟಿಗಳು ಕಂಡರೆ ಮರವನ್ನು ಸರಿಯಾದ ಕೋನದಲ್ಲಿ ಕೊಯ್ದಿದ್ದಾರೆ ಎಂದರ್ಥ. ಈಗ ಗಿಟಾರನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿಯಿರಿ. ನಡುಗೆರೆಯ ಒಂದು ಬದಿ ತಿಳಿಯಾಗಿ ಇನ್ನೊಂದು ಬದಿ ಗಾಢವಾಗಿ ಕಂಡು, ಗಿಟಾರನ್ನು ತಲೆಕೆಳಗು ಮಾಡಿದಾಗ ಆ ಬಣ್ಣ ಅದಲುಬದಲಾದರೆ ನಾರುಗಳು ಹಲಗೆಗೆ ಸಮಾನಾಂತರವಾಗಿಲ್ಲ, ಮೇಲ್ಮೈಯಿಂದ ಹೊರಗೆ ಹೊರಳುತ್ತಿವೆ. ಸ್ವಲ್ಪ ಇದ್ದರೆ ಪ್ರಮಾದವಲ್ಲ. ತೀರಾ ಎದ್ದು ಕಂಡರೆ ಮರ ದುರ್ಬಲ. ದುಬಾರಿ ಗಿಟಾರಿನಲ್ಲಿ ಅದನ್ನು ಒಪ್ಪಬೇಕಿಲ್ಲ.

ಇದರ ದಪ್ಪ 2ರಿಂದ 2.5 ಮಿ.ಮೀ. ಅಷ್ಟೇ. ಎಲ್ಲೆಲ್ಲಿ ಎಷ್ಟು ಹೆರೆಯಬೇಕೆಂಬುದನ್ನು ತಯಾರಕ ಹಲಗೆಯನ್ನು ಬಗ್ಗಿಸಿ, ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ನಿರ್ಧರಿಸುತ್ತಾನೆ. ನೀವು ಹಣ ಕೊಡುವುದು ಮುಖ್ಯವಾಗಿ ಈ ತೀರ್ಮಾನಕ್ಕೆ. ಸ್ಪೇನ್‌ನ ಪದ್ಧತಿಯಲ್ಲಿ ಸೊಲೆರಾ ಎಂಬ ಅಚ್ಚುಹಲಗೆಯ ಮೇಲೆ ಮೇಲ್ಹಲಗೆಯನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಕುತ್ತಿಗೆಯ ಬುಡದಲ್ಲಿ ಕೊರೆದ ಸೀಳುಗಳಿಗೆ ಪಕ್ಕದ ಪಟ್ಟಿಗಳನ್ನು ಸಿಕ್ಕಿಸಿ, ಪಿಯೋನೆಸ್ ಎಂಬ ಪುಟ್ಟ ಮರದ ತುಂಡುಗಳನ್ನು ಒಂದೊಂದಾಗಿ ಅಂಟಿಸುತ್ತ ಇಡೀ ಒಡಲನ್ನು ಕಟ್ಟುತ್ತಾರೆ. ಒಳಗೆ ಕನ್ನಡಿ ಇಳಿಸಿ ನೋಡಿದರೆ ಆ ಪುಟ್ಟ ತುಂಡುಗಳ ಸಾಲು ಕಾಣುತ್ತದೆ.

ಹೊಸ ಬಗೆಗಳೂ ಇವೆ. ಆಸ್ಟ್ರೇಲಿಯಾದ ಗ್ರೆಗ್ ಸ್ಮಾಲ್ಮನ್ ಬೀಸಣಿಗೆಯ ಬದಲು ಬಾಲ್ಸಾ ಮತ್ತು ಕಾರ್ಬನ್ ನಾರಿನ ಜಾಲರಿ ಇಟ್ಟು ಮೇಲ್ಹಲಗೆಯನ್ನು ತೀರಾ ತೆಳುವಾಗಿಸಿದರು. ಕ್ಲಾಸಿಕಲ್ ವಾದಕ ಜಾನ್ ವಿಲಿಯಮ್ಸ್ ಆ ಗಿಟಾರನ್ನೇ ನೆಚ್ಚಿಕೊಂಡರು. ಜರ್ಮನಿಯ ಮಥಿಯಾಸ್ ಡಾಮನ್ ಎರಡು ತೆಳು ಹಲಗೆಗಳ ನಡುವೆ ಹಗುರ ಪದರವಿಟ್ಟು ಜೋಡಿ ಹಲಗೆ ಮಾಡಿದರು. ಇವುಗಳ ದನಿ ದೊಡ್ಡದು, ದೊಡ್ಡ ಸಭಾಂಗಣದಲ್ಲಿ ಉಪಯೋಗ. ಆದರೆ ಮೊದಲ ಕೈಗೆಲಸದ ಗಿಟಾರ್ ಬೀಸಣಿಗೆ ಕಡ್ಡಿಯದ್ದೇ ಆಗಿರಲಿ ಎನ್ನುತ್ತೇನೆ. ಅದರಲ್ಲಿ ದನಿಯ ಬಣ್ಣ ಹೆಚ್ಚು, ಮತ್ತು ನಾಳೆ ಬಿರುಕು ಬಿಟ್ಟರೆ ನಮ್ಮಲ್ಲಿ ದುರಸ್ತಿ ಮಾಡಬಲ್ಲವರು ಸಿಗುತ್ತಾರೆ.

ಇನ್ನು ಹಿಂಭಾಗ ಮತ್ತು ಪಕ್ಕಗಳು. ಹಳೆಯ ಗಿಟಾರ್‌ಗಳ ಹೆಮ್ಮೆ ಬ್ರೆಜಿಲ್‌ನ ಬೀಟೆ. 1992ರಿಂದ ಅದು ಅಳಿವಿನಂಚಿನ ಪ್ರಭೇದಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟ್ಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಅಂದರೆ ವಾಣಿಜ್ಯ ವ್ಯಾಪಾರ ಬಹುತೇಕ ಬಂದ್. ಅದರ ಜಾಗ ತುಂಬಿದ್ದು ಇಂಡಿಯನ್ ರೋಸ್‌ವುಡ್, ನಮ್ಮ ಪಶ್ಚಿಮ ಘಟ್ಟದ ಬೀಟೆ. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತ, ಅರಣ್ಯ ಇಲಾಖೆಯ ಡಿಪೊಗಳಲ್ಲಿ ಹರಾಜಾಗುವ, ಅಜ್ಜನ ಕಾಲದ ಮಂಚದಲ್ಲಿ ಕಾಣುವ ಅದೇ ಮರ. ಮ್ಯಾಡ್ರಿಡ್, ಗ್ರನಾಡಾದ ಕೋಣೆಗಳಲ್ಲಿ ಕ್ಲಾಸಿಕಲ್ ಗಿಟಾರಿನ ಒಡಲಿಗೆ ಅದೇ ಮೊದಲ ಆಯ್ಕೆ. ಬ್ರೆಜಿಲ್ ಮರಕ್ಕೆ ದುಪ್ಪಟ್ಟು ಹಣ ಕೊಡುವುದು ಸಂಗೀತದ ಲೆಕ್ಕದಲ್ಲಿ ವ್ಯರ್ಥ, ಕಾಗದಪತ್ರದ ಲೆಕ್ಕದಲ್ಲಿ ತಲೆನೋವು. ಕುತ್ತಿಗೆಗೆ ಮಧ್ಯ ಅಮೆರಿಕದ ಹಗುರವಾದ ಸೆದ್ರೊ, ಬೆರಳು ಹಲಗೆಗೆ ಎಬೊನಿ. ಇವುಗಳಲ್ಲಿ ನೀವು ಆರಿಸುವಂಥದ್ದು ಏನೂ ಇಲ್ಲ.

ಹಂತ 3: ನಿಮ್ಮ ಕೈಯನ್ನು ಅಳೆಯಿರಿ

650 ಮಿ.ಮೀ. ತಂತಿ ಉದ್ದ ಪ್ರಮಾಣ. ಮೂರನೇ ರಮೀರೆಸ್ ಕಾಲದ ದೊಡ್ಡ ಗಿಟಾರ್‌ಗಳು 664. ಸೆಗೋವಿಯಾರ ದಪ್ಪ ಬೆರಳಿಗೆ ಅದು ಸರಿ, ನಮ್ಮಲ್ಲಿ ಅನೇಕರಿಗೆ ಹಿಂಸೆ. ಹಳೆಯ ವಾದ್ಯ ಕೊಳ್ಳುವಾಗ ಈ ಸಂಖ್ಯೆಯನ್ನು ಮೊದಲು ಕೇಳಿ. ಕೈ ಚಿಕ್ಕದಾದರೆ 640 ಅಥವಾ 630 ಮಾಡಿಸಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಒಳ್ಳೆಯ ತಯಾರಕನ ಕೈಯಲ್ಲಿ ದನಿಯೂ ಸೊರಗುವುದಿಲ್ಲ. ಆರನೇ ತಂತಿಯ ಮೊದಲ ಫ್ರೆಟ್ಟಿನಲ್ಲಿ ತೋರುಬೆರಳು, ನಾಲ್ಕನೆಯದರಲ್ಲಿ ಕಿರುಬೆರಳು ಇಟ್ಟು ಐದು ನಿಮಿಷ ಸ್ವರಗಳನ್ನು ನುಡಿಸಿ ನೋಡಿ. ಮಣಿಕಟ್ಟು ತಿರುಚಿಕೊಳ್ಳುತ್ತಿದ್ದರೆ ಉತ್ತರ ಸಿಕ್ಕಿತು.

ನಟ್ (ಗಿಟಾರಿನ ತಲೆಯ ಬುಡದಲ್ಲಿ ತಂತಿಗಳು ಹಾಯುವ ಪಟ್ಟಿ) ಹತ್ತಿರ ಬೆರಳು ಹಲಗೆಯ ಅಗಲ ಸಾಮಾನ್ಯವಾಗಿ 52 ಮಿ.ಮೀ. ಈಗಿನ ನಿಮ್ಮ ಗಿಟಾರ್ ಕೈಗೆ ಹಿತವೆನಿಸಿದರೆ ಅದರ ಅಗಲ, ಕುತ್ತಿಗೆಯ ದಪ್ಪ, ತಂತಿಗಳ ಅಂತರ, 12ನೇ ಫ್ರೆಟ್ಟಿನ ಎತ್ತರ ಎಲ್ಲವನ್ನೂ ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ.

ಹಂತ 4: ಈಗ ಹೆಸರು ಹುಡುಕಿ

ಸ್ಪೇನ್‌ನಲ್ಲಿ ಗಿಟಾರಿನ ಘರಾನೆಗಳು ಊರುಗಳ ಹೆಸರಿನಲ್ಲಿವೆ. ಮ್ಯಾಡ್ರಿಡ್‌ನದು ರಮೀರೆಸ್ ಕುಟುಂಬದಿಂದ ಹೊರಟ ಕವಲುಗಳು: ಮಾನುಯೆಲ್ ರಮೀರೆಸ್ ಅಂಗಡಿಯಲ್ಲಿ ಪಳಗಿದ ಸಾಂತೋಸ್ ಎರ್ನಾಂಡೆಸ್, ದೊಮಿಂಗೊ ಎಸ್ತೆಸೊ, ಎಸ್ತೆಸೊನ ಸೋದರಳಿಯಂದಿರಿಂದ ಬಂದದ್ದು ಕೋಂದೆ ಮನೆತನ. ಮಾರ್ಸೆಲೊ ಬಾರ್ಬೆರೊ, ಆತನ ಶಿಷ್ಯ ಆರ್ಕಾಂಹೆಲ್ ಫೆರ್ನಾಂಡೆಸ್ ಅದೇ ಊರಿನವರು. ಕೋರ್ದೊಬಾ ಎಂದರೆ ಮಾನುಯೆಲ್ ರೆಯೆಸ್. ವಿಸೆಂತೆ ಅಮಿಗೊ ನುಡಿಸಿದ್ದು ಆತನ ಗಿಟಾರ್. ಅಲ್ಮೆರಿಯಾದಲ್ಲಿ ಹೆರುಂದಿನೊ ಫೆರ್ನಾಂಡೆಸ್, ಅಪ್ಪಟ ಫ್ಲಾಮೆಂಕೊ ದನಿಯವನು. ಬಾರ್ಸಿಲೋನಾದಲ್ಲಿ ಇಗ್ನಾಸಿಯೊ ಫ್ಲೆತಾ, ಪಿಟೀಲು ಬಳಗದ ವಾದ್ಯಗಳಿಂದ ಗಿಟಾರಿಗೆ ಬಂದವನು. ಗ್ರನಾಡಾದಲ್ಲಿ ಆಂತೋನಿಯೊ ಮಾರೀನ್ ಮೊಂತೆರೊ, ಮತ್ತು ಪ್ಯಾರಿಸ್‌ನ ರೋಬೇರ್ ಬೂಶೆಯ ಪ್ರಭಾವದಲ್ಲಿ ಅವರು ರೂಪಿಸಿದ ಶೈಲಿಯನ್ನು ಮುಂದುವರಿಸಿದ ಒಂದು ದೊಡ್ಡ ಬಳಗ. ಸ್ಪೇನ್‌ನ ಹೊರಗೆ ಹೋದರೆ ಸೆಗೋವಿಯಾರಿಗೆ 1937ರ ಗಿಟಾರ್ ಕೊಟ್ಟ ಜರ್ಮನಿಯ ಹೆರ್ಮಾನ್ ಹೌಸರ್, ಇಂಗ್ಲೆಂಡಿನಲ್ಲಿ ನೆಲೆಸಿ ವಾದಕ ಜೂಲಿಯನ್ ಬ್ರೀಮ್‌ಗೆ 1973ರ ಗಿಟಾರ್ ಮಾಡಿದ ಹೊಸೆ ರೊಮಾನಿಯೋಸ್.

ಇವರಲ್ಲಿ ಬಹುಪಾಲು ಇಂದಿಲ್ಲ. ಅವರ ಗಿಟಾರ್ ಹರಾಜುಗಳಲ್ಲಿ ಸಿಗುತ್ತದೆ, ನಮಗೆ ನಿಲುಕದ ಬೆಲೆಗೆ. ಆದರೂ ಹೆಸರುಗಳನ್ನು ತಿಳಿದಿರಬೇಕು, ಏಕೆಂದರೆ ಇಂದಿನ ಪ್ರತಿ ತಯಾರಕನೂ ತಾನು ಯಾರ ಅಳತೆಯಲ್ಲಿ ಕಟ್ಟುತ್ತೇನೆಂದು ಹೇಳುತ್ತಾನೆ. ‘ಸಾಂತೋಸ್ ಮಾದರಿ’, ‘ಹೌಸರ್ 1937’, ‘ಬಾರ್ಬೆರೊ ಪ್ರಕಾರ’. ಆ ಮೂಲ ಗಿಟಾರ್‌ಗಳ ಧ್ವನಿಮುದ್ರಣ ಕೇಳಿ. ಇಷ್ಟವಾದ ಮಾದರಿಯಲ್ಲಿ ಕಟ್ಟುವ, ಈಗ ನಲವತ್ತು ಐವತ್ತರ ವಯಸ್ಸಿನ, ಹಿರಿಯರೊಬ್ಬರ ಬಳಿ ಪಳಗಿ ಸ್ವಂತ ಕೋಣೆ ಇಟ್ಟಿರುವವರನ್ನು ಹುಡುಕಿ. ಬೆಲೆ ಇನ್ನೂ ಏರಿರುವುದಿಲ್ಲ, ಕೈ ಪಳಗಿರುತ್ತದೆ, ಪತ್ರಕ್ಕೆ ಉತ್ತರ ಬರುತ್ತದೆ.

ಲೇಬಲ್ ಓದುವುದನ್ನೂ ಕಲಿಯಬೇಕು. ಸೆಗೋವಿಯಾ ನುಡಿಸುತ್ತಿದ್ದ 1912ರ ಗಿಟಾರಿನಲ್ಲಿ ಮಾನುಯೆಲ್ ರಮೀರೆಸ್ ಹೆಸರಿದೆ; ಕೆಲಸ ಮಾತ್ರ ಅಂಗಡಿಯಲ್ಲಿದ್ದ ಸಾಂತೋಸ್ ಎರ್ನಾಂಡೆಸ್ ಕೈಯದೆಂದು ನಂಬಲಾಗಿದೆ. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ರಮೀರೆಸ್ ಅಂಗಡಿಯ 1960ರ ದಶಕದ ಗಿಟಾರ್‌ಗಳ ಒಳಗೆ ಕೆಲಸಗಾರನ ಹೆಸರಿನ ಮೊದಲಕ್ಷರಗಳ ಮುದ್ರೆ ಇರುತ್ತದೆ, ಸಂಗ್ರಹಕಾರರು ಅದನ್ನು ನೋಡಿ ಬೆಲೆ ಕಟ್ಟುತ್ತಾರೆ. ಇವು ಒಳ್ಳೆಯ ಉದಾಹರಣೆಗಳು. ಕೆಟ್ಟದ್ದೂ ಇದೆ: ಕಾರ್ಖಾನೆಯಿಂದ ತರಿಸಿದ ಗಿಟಾರಿಗೆ ಪ್ರಸಿದ್ಧ ಮನೆತನದ ಚೀಟಿ ಅಂಟಿಸಿ ‘ಎಸ್ತೂದಿಯೊ’ ದರ್ಜೆ ಎಂದು ಮಾರುವುದು. ಅದು ಮೋಸವಲ್ಲ, ವಿದ್ಯಾರ್ಥಿ ಗಿಟಾರ್ ಎಂದೇ ಹೇಳುತ್ತಾರೆ. ಕೊಳ್ಳುವವನು ಮಾತ್ರ ಹೆಸರು ನೋಡಿ ಮೈಮರೆಯುತ್ತಾನೆ. ನೇರವಾಗಿ ಕೇಳಿ: ಈ ವಾದ್ಯದ ಮೇಲ್ಹಲಗೆಯನ್ನು ಹೆರೆದವರು ಯಾರು? ಉತ್ತರ ಸುತ್ತಿ ಬಳಸಿ ಬಂದರೆ ಮುಂದೆ ನಡೆಯಿರಿ.

ಹಂತ 5: ಪತ್ರ, ಮುಂಗಡ, ಕಾಯುವಿಕೆ

‘ನಿಮ್ಮ ಅತ್ಯುತ್ತಮ ಗಿಟಾರ್ ಬೇಕು’ ಎಂದು ಬರೆಯಬೇಡಿ. ನುಡಿಸುವ ನಾಲ್ಕಾರು ಕೃತಿಗಳ ಹೆಸರು, ಎಲ್ಲಿ ನುಡಿಸುತ್ತೀರಿ, ಈಗಿನ ಗಿಟಾರಿನ ಅಳತೆಗಳು, ಉಗುರಿನಿಂದ ಮೀಟುತ್ತೀರೋ ಬೆರಳ ತುದಿಯಿಂದಲೋ, ಯಾವ ಬಿಗಿತದ ತಂತಿ, ಇಷ್ಟು ಬರೆಯಿರಿ. ನಿಮ್ಮ ಊರಿನ ತೇವಾಂಶ ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು ಎಂಬುದನ್ನು ತಪ್ಪದೆ ಸೇರಿಸಿ. ನಿಮ್ಮದೇ ನುಡಿಸಾಣಿಕೆಯ ಒಂದು ಧ್ವನಿಮುದ್ರಣ ಕಳಿಸಿದರೆ ಮಾತಿಗಿಂತ ಹೆಚ್ಚು ಹೇಳುತ್ತದೆ. ದನಿಯನ್ನು ವಿವರಿಸುವಾಗ ‘ಮಧುರ’, ‘ಗಾಢ’ ಎಂಬ ಗುಣವಾಚಕಗಳಿಗಿಂತ ‘ಮೊದಲ ತಂತಿ 12ನೇ ಫ್ರೆಟ್ಟಿನಿಂದಾಚೆ ತೆಳುವಾಗಬಾರದು’ ಎಂಬಂಥ ವಾಕ್ಯ ತಯಾರಕನಿಗೆ ಉಪಯೋಗಕ್ಕೆ ಬರುತ್ತದೆ.

ಬೆಲೆ ಲಿಖಿತವಾಗಿ ಬರಲಿ. ಮುಂಗಡ ಎಷ್ಟು, ಗಿಟಾರ್ ಇಷ್ಟವಾಗದಿದ್ದರೆ ಅದು ಮರಳಿ ಬರುತ್ತದೆಯೇ, ಪೆಟ್ಟಿಗೆ ಸೇರಿದೆಯೇ, ಬಿರಡೆಗಳು ಯಾವ ಕಂಪನಿಯವು ಎಂದು ಕೇಳಿ. ಬಾರ್ಸಿಲೋನಾದ ಫುಸ್ತೆರೊ, ಇಟಲಿಯ ಅಲೆಸ್ಸಿ, ಇಂಗ್ಲೆಂಡಿನ ರಾಜರ್ಸ್ ಒಳ್ಳೆಯವು. ಫ್ಲಾಮೆಂಕೊ ಬ್ಲಾಂಕಾಗೆ ವೀಣೆಯಲ್ಲಿರುವಂಥ ಮರದ ಬಿರಡೆಗಳನ್ನೇ ಹಾಕಿಸುವವರಿದ್ದಾರೆ. ತಲೆ ಹಗುರವಾಗುತ್ತದೆ, ಚಂದವೂ ಹೌದು. ಮಳೆಗಾಲದ ಮಂಗಳೂರಿನಲ್ಲಿ ಅವು ಉಬ್ಬಿ ಜಪ್ಪಯ್ಯ ಎಂದರೂ ತಿರುಗುವುದಿಲ್ಲ. ಯಂತ್ರದ ಬಿರಡೆ ಹಾಕಿಸಿ.

ಆಮೇಲೆ ಸುಮ್ಮನಿರಿ. ನಡುನಡುವೆ ಪತ್ರ ಬರೆದು ಚಿತ್ತಾರದ ಬಣ್ಣ ಬದಲಿಸಿ ಎನ್ನುವ ಗಿರಾಕಿ ಯಾರಿಗೂ ಬೇಡ.

ಹಂತ 6: ಕೈಗೆ ಬಂದಾಗ ಪರೀಕ್ಷೆ

ಸಾಧ್ಯವಿದ್ದರೆ ಹೋಗಿ ತನ್ನಿ. ಹಣ ಪೂರ್ತಿ ಕೊಡುವ ಮುಂಚೆ ಒಂದು ಗಂಟೆ ಕೇಳಿ ಪಡೆದುಕೊಳ್ಳಿ. ಒಳ್ಳೆಯ ತಯಾರಕರು ತಾವೇ ಎದ್ದು ಹೊರಗೆ ಹೋಗುತ್ತಾರೆ.

ನುಡಿಸುವ ಮುಂಚೆ ನೋಡಿ. ಗಿಟಾರಿನ ಬುಡದಿಂದ ತಲೆಯತ್ತ ಕುತ್ತಿಗೆಯ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ತಿರುಚು ಇರಬಾರದು. ಆರನೇ ತಂತಿಯನ್ನು ಮೊದಲ ಮತ್ತು 12ನೇ ಫ್ರೆಟ್‌ಗಳಲ್ಲಿ ಒಟ್ಟಿಗೆ ಒತ್ತಿ ಹಿಡಿದರೆ ನಡುವೆ ಕೂದಲೆಳೆಯಷ್ಟು ಸಂದು ಕಾಣಬೇಕು. ಬ್ರಿಡ್ಜಿನ ಹಿಂಬದಿಯ ಅಂಚಿನಲ್ಲಿ ಕಾಗದದ ಹಾಳೆಯನ್ನು ನುಗ್ಗಿಸಲು ನೋಡಿ, ಎಲ್ಲೂ ಒಳಹೋಗಬಾರದು. ಅಂಗೈಯನ್ನು ಬೆರಳು ಹಲಗೆಯ ಅಂಚಿನಲ್ಲಿ ಸವರಿ. ಫ್ರೆಟ್ ತುದಿಗಳು ಚುಚ್ಚಿದರೆ ಮರ ಒಣಗಿ ಕುಗ್ಗಿದೆ. ದಂತವೈದ್ಯರ ಕನ್ನಡಿ ಮತ್ತು ಸಣ್ಣ ಟಾರ್ಚ್ ರಂಧ್ರದೊಳಗೆ ಇಳಿಸಿ ಕಡ್ಡಿಗಳ ತುದಿ ಅಂಟಿಕೊಂಡಿವೆಯೇ ನೋಡಿ. ಹಳೆಯ ಗಿಟಾರಿನಲ್ಲಿ ಸಾಲಾಗಿ ಚಿಕ್ಕ ಮರದ ಬಿಲ್ಲೆಗಳು ಕಂಡರೆ ಅಲ್ಲಿ ಹಿಂದೆ ಬಿರುಕು ಬಿಟ್ಟಿತ್ತು ಎಂದರ್ಥ. ಚೆನ್ನಾಗಿ ಮುಚ್ಚಿದ್ದರೆ ತೊಂದರೆಯಿಲ್ಲ, ಬೆಲೆಯಲ್ಲಿ ಮಾತ್ರ ಅದು ಕಾಣಿಸಬೇಕು.

ಇನ್ನು ಕಿವಿ. ಮೊದಲು ನಿಮ್ಮ ಅಚ್ಚುಮೆಚ್ಚಿನ ಕೃತಿ ನುಡಿಸಬೇಡಿ, ಖುಷಿಯಲ್ಲಿ ಕಿವಿ ಮಂದವಾಗುತ್ತದೆ. ಒಂದೊಂದೇ ತಂತಿಯಲ್ಲಿ ಪ್ರತಿ ಸ್ವರವನ್ನೂ ಒಂದೇ ಬಲದಲ್ಲಿ ಮೀಟಿ, ಅದು ಸಾಯುವವರೆಗೆ ಕೇಳಿ. ಪ್ರತಿ ಗಿಟಾರಿನ ಒಡಲಿಗೂ ತನ್ನದೇ ಅನುರಣನದ ಸ್ವರಗಳಿವೆ. ಆ ಸ್ವರ ನುಡಿಸಿದಾಗ ಹಲಗೆ ತಂತಿಯ ಶಕ್ತಿಯನ್ನು ಒಮ್ಮೆಲೇ ನುಂಗಿ ‘ಢಂ’ ಎಂದು ಮುಗಿಸಿಬಿಡುತ್ತದೆ. ಆರನೇ ತಂತಿಯ 2ರಿಂದ 5ನೇ ಫ್ರೆಟ್, ಮೂರನೇ ತಂತಿಯ ಮೊದಲ ಎರಡು ಫ್ರೆಟ್, ಮೊದಲ ತಂತಿಯ 3ರಿಂದ 5, ಈ ಜಾಗಗಳಲ್ಲಿ ಹುಡುಕಿ. ಎಲ್ಲೋ ಒಂದು ಕಡೆ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಪಕ್ಕದ ಸ್ವರಕ್ಕಿಂತ ಅರ್ಧಕ್ಕೇ ಸತ್ತರೆ ಮಾತ್ರ ಆಕ್ಷೇಪಿಸಿ. 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಮುಟ್ಟಿ ಬಿಟ್ಟ ಸ್ವರವೂ ಒತ್ತಿ ಮೀಟಿದ ಸ್ವರವೂ ಟ್ಯೂನರಿನಲ್ಲಿ ಒಂದೇ ಜಾಗ ತೋರಿಸಬೇಕು.

ಮೊದಲ ತಂತಿಯ ಮೇಲಿನ ಸ್ವರಗಳೇ ಗಿಟಾರಿನ ಬೆಲೆ. ಮಂದ್ರದಲ್ಲಿ ಗುಡುಗುವ ಗಿಟಾರ್ ಯಾರು ಬೇಕಾದರೂ ಮಾಡುತ್ತಾರೆ. 9ರಿಂದ 15ನೇ ಫ್ರೆಟ್ ನಡುವೆ ದುಂಡಗೆ, ಮೈತುಂಬಿಕೊಂಡು ಬರುವ ಸ್ವರ ಅಪರೂಪ. ತೀರಾ ಮೆಲ್ಲಗೆ ನುಡಿಸಿ, ಆಮೇಲೆ ಬಲ ಏರಿಸುತ್ತ ಹೋಗಿ. ಒಂದು ಹಂತದ ಮೇಲೆ ಗಿಟಾರ್ ಜೋರಾಗದೆ ಬರೀ ಒರಟಾದರೆ ಅದರ ಮಿತಿ ಗೊತ್ತಾಯಿತು. ಫ್ಲಾಮೆಂಕೊ ಆದರೆ ರಾಸ್ಗೆಯಾದೊ, ಹೆಬ್ಬೆರಳಿನ ಅಲ್ಸಪೂವಾ, ಎರಡು ಬೆರಳಿನ ವೇಗದ ಪಿಕಾದೊ ಮೂರನ್ನೂ ನುಡಿಸಿ ನೋಡಿ. ಬಳಿಕ ಬೇರೆ ಯಾರಿಗಾದರೂ ಕೊಟ್ಟು ಐದಾರು ಮೀಟರ್ ದೂರ ನಿಂತು ಕೇಳಿ. ತೊಡೆಯ ಮೇಲೆ ಭೋರ್ಗರೆಯುವ ಗಿಟಾರ್ ಅಲ್ಲಿ ಪೇಲವವಾಗಿ ಕೇಳಿಸುವುದುಂಟು, ಸಪ್ಪೆ ಎನಿಸಿದ್ದು ಗೋಡೆ ಮುಟ್ಟುವುದುಂಟು.

ಹಂತ 7: ಕಾಗದಪತ್ರ ಮತ್ತು ಪ್ರಯಾಣ

ನಮ್ಮ ಬೀಟೆ ಸೈಟ್ಸ್‌ನ ಎರಡನೇ ಪಟ್ಟಿಯಲ್ಲಿದೆ. 2017ರ ಆರಂಭದಿಂದ ಕೆಲ ಕಾಲ ಅದರ ಸಿದ್ಧ ಗಿಟಾರನ್ನು ದೇಶದ ಗಡಿ ದಾಟಿಸಿ ಮಾರಲೂ ಅನುಮತಿ ಪತ್ರ ಬೇಕಿತ್ತು. 2019ರ ನವೆಂಬರ್ ಕೊನೆಯಿಂದ ಸಿದ್ಧಗೊಂಡ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಬೀಟೆಗೆ ಈ ವಿನಾಯಿತಿ ಇಲ್ಲ. ಹಳೆಯ ಗಿಟಾರ್ ಕೊಳ್ಳುವವರು ಇನ್ನೊಂದನ್ನು ನೋಡಬೇಕು: ಬ್ರಿಡ್ಜಿನ ಮೇಲಿನ ಬಿಳಿ ಪಟ್ಟಿ ಮೂಳೆಯದೋ ಆನೆದಂತದ್ದೋ. ದಂತವಾದರೆ ಅದನ್ನು ತೆಗೆಸಿ ಮೂಳೆ ಹಾಕಿಸದೆ ಗಡಿ ದಾಟಬೇಡಿ. ಯಾವ ಭಾಗಕ್ಕೆ ಯಾವ ಮರ ಎಂಬ, ಸಸ್ಯಶಾಸ್ತ್ರೀಯ ಹೆಸರುಗಳುಳ್ಳ ಸಹಿ ಮಾಡಿದ ಚೀಟಿಯನ್ನು ತಯಾರಕರಿಂದ ಪಡೆದುಕೊಳ್ಳಿ.

ಸ್ಪೇನ್‌ನಲ್ಲಿ ಮೌಲ್ಯವರ್ಧಿತ ತೆರಿಗೆ ಶೇ 21. ಯೂರೋಪ್ ಒಕ್ಕೂಟದ ಹೊರಗಿನ ನಿವಾಸಿಗಳು ಕೊಂಡದ್ದನ್ನು ಮೂರು ತಿಂಗಳೊಳಗೆ ಹೊರಗೊಯ್ದರೆ ಅದು ಮರಳಿ ಬರುತ್ತದೆ. ಅಂಗಡಿಯಲ್ಲೇ ದೀವಾ ಎಂಬ ವ್ಯವಸ್ಥೆಯ ಅರ್ಜಿ ಕೇಳಿ ಪಡೆಯಿರಿ, ವಿಮಾನ ನಿಲ್ದಾಣದಲ್ಲಿ ಗಿಟಾರನ್ನು ಸಾಮಾನಿನೊಂದಿಗೆ ಕಳಿಸುವ ಮುಂಚೆ ಯಂತ್ರದಲ್ಲಿ ಅದನ್ನು ಊರ್ಜಿತಗೊಳಿಸಿ. ಭಾರತದಲ್ಲಿ ಇಳಿದ ಮೇಲೆ ಇದು ಉಚಿತ ಮಿತಿಯನ್ನು ದಾಟುವ ವಸ್ತು. ಬಿಲ್ ಕೈಯಲ್ಲಿ ಹಿಡಿದು ಕೆಂಪು ಮಾರ್ಗದಲ್ಲೇ ಹೋಗಿ ಸುಂಕ ಕಟ್ಟಿ. ಆ ರಸೀದಿ ಮುಂದೆ ಗಿಟಾರ್ ಹಿಡಿದು ವಿದೇಶಕ್ಕೆ ಹೋಗಿ ಬರುವಾಗಲೂ ಬೇಕಾಗುತ್ತದೆ.

ವಿಮಾನದೊಳಗೆ ಒಯ್ಯಲು ಸಾಧ್ಯವೇ ಎಂದು ಟಿಕೆಟ್ ಕೊಳ್ಳುವ ಮುಂಚೆಯೇ ಕಂಪನಿಯಿಂದ ಲಿಖಿತವಾಗಿ ತಿಳಿಯಿರಿ. ತಂತಿಗಳನ್ನು ಎರಡು ಮೂರು ಸ್ವರದಷ್ಟು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಪೆಟ್ಟಿಗೆಯೊಳಗೆ ತಲೆಯ ಭಾಗ ಗಾಳಿಯಲ್ಲಿ ತೇಲುತ್ತಿರಬಾರದು, ಕುತ್ತಿಗೆಯ ಕೆಳಗೆ ಬಟ್ಟೆ ತುಂಬಿ.

ಹಂತ 8: ನಮ್ಮ ಹವೆಯಲ್ಲಿ ಬದುಕಿಸುವುದು

ಗಿಟಾರಿಗೆ ಹಿತವಾದ ತೇವಾಂಶ ಶೇ 45ರಿಂದ 55. ಬೆಂಗಳೂರಿನ ಮಾರ್ಚ್ ಮಧ್ಯಾಹ್ನಗಳಲ್ಲಿ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕಲಬುರಗಿ, ಬಳ್ಳಾರಿ ಕಡೆ ಇನ್ನೂ ಕೆಳಗೆ. ಕರಾವಳಿಯ ಜುಲೈನಲ್ಲಿ 90ರತ್ತ. ಒಣ ಹವೆ ಹೆಚ್ಚು ಅಪಾಯ: ಹಲಗೆ ಕುಗ್ಗಲು ನೋಡುತ್ತದೆ, ಅಡ್ಡ ಕಡ್ಡಿಗಳು ಬಿಡುವುದಿಲ್ಲ, ಮರ ಸೀಳುತ್ತದೆ. ತೇವದಲ್ಲಿ ಹಲಗೆ ಉಬ್ಬಿ ತಂತಿಗಳು ಏರುತ್ತವೆ, ದನಿ ಮಂಕಾಗುತ್ತದೆ, ಆದರೆ ಸಾಮಾನ್ಯವಾಗಿ ಒಣಗಿದಾಗ ಹಿಂದಿರುಗುತ್ತದೆ.

ತೇವಾಂಶ ಮಾಪಕ ಒಂದು ಕೊಳ್ಳಿ, ಆದರೆ ಅದರ ಮಾತನ್ನು ಹಾಗೇ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅದು 75 ತೋರಿಸಬೇಕು. 70 ತೋರಿಸಿದರೆ ಮುಂದೆ ಪ್ರತಿ ಓದಿಗೂ 5 ಸೇರಿಸಿಕೊಳ್ಳಿ. ಪೆಟ್ಟಿಗೆಯಲ್ಲಿ ತೇವವನ್ನು ಕೊಡುವ ಮತ್ತು ಹೀರುವ ಎರಡೂ ಕೆಲಸ ಮಾಡುವ ಪೊಟ್ಟಣಗಳು ಸಿಗುತ್ತವೆ, ಬೇಸಿಗೆಗೆ ಅವು ಸಾಕು. ಕರಾವಳಿಯವರಿಗೆ ಸಾಲದು, ಅಲ್ಲಿ ಕೋಣೆಗೇ ತೇವ ಹೀರುವ ಯಂತ್ರ ಬೇಕು. ನುಡಿಸಿದ ಮೇಲೆ ಗಿಟಾರ್ ಪೆಟ್ಟಿಗೆಗೆ ಹೋಗಲಿ, ಗೋಡೆಯ ಮೊಳೆಗೆ ಬೇಡ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಅಂಟು ಸಡಿಲಿ ಬ್ರಿಡ್ಜ್ ಎದ್ದುಬರುತ್ತದೆ.

ಒಳ್ಳೆಯ ಗಿಟಾರಿನ ಹೊಳಪು ಅರಗಿನದು. ಅರಗನ್ನು ಮದ್ಯಸಾರದಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ನೂರಾರು ತೆಳು ಪದರಗಳಾಗಿ ತೀಡಿರುತ್ತಾರೆ. ಆ ಅರಗಿನ ಬಹುಪಾಲು ಜಾರ್ಖಂಡ್, ಛತ್ತೀಸಗಢದ ಕಾಡುಗಳಿಂದಲೇ ಹೊರಗೆ ಹೋದದ್ದಾಗಿರಬಹುದು. ಮದ್ಯಸಾರದಲ್ಲಿ ಕರಗಿದ್ದು ಮದ್ಯಸಾರಕ್ಕೇ ಕರಗುತ್ತದೆ: ಸ್ಯಾನಿಟೈಸರ್ ಸವರಿದ ಕೈ, ಸುಗಂಧದ್ರವ್ಯ ಎರಡೂ ದೂರವಿರಲಿ. ನಮ್ಮ ಸೆಖೆಯಲ್ಲಿ ಬರಿಯ ಮುಂಗೈ ಊರಿದ ಜಾಗ ಕೆಲವೇ ತಿಂಗಳಲ್ಲಿ ಮಂಜುಗಟ್ಟುತ್ತದೆ. ಹತ್ತಿಯ ತೋಳು ಹಾಕಿ ನುಡಿಸಿ. ಒರೆಸಲು ಒಣ ಮೆತ್ತನೆ ಬಟ್ಟೆ ಸಾಕು, ಯಾವ ಪಾಲಿಶ್ ಎಣ್ಣೆಯೂ ಬೇಡ.

ತಯಾರಕರಿಂದ ಬ್ರಿಡ್ಜಿನ ಮೂಳೆಪಟ್ಟಿ ಎರಡು ಕೇಳಿ ತನ್ನಿ. ಪಟ್ಟಿ 1 ಮಿ.ಮೀ. ತಗ್ಗಿದರೆ 12ನೇ ಫ್ರೆಟ್ಟಿನಲ್ಲಿ ತಂತಿ ಅರ್ಧ ಮಿ.ಮೀ. ತಗ್ಗುತ್ತದೆ. ಜೂನ್‌ನಲ್ಲಿ ಹಲಗೆ ಉಬ್ಬಿ ತಂತಿ ಏರಿದಾಗ ತಗ್ಗಿನ ಪಟ್ಟಿ, ಫೆಬ್ರವರಿಯಲ್ಲಿ ಎತ್ತರದ್ದು. ತಂತಿ ಬದಲಿಸುವ ದಿನವೇ ಐದು ನಿಮಿಷದಲ್ಲಿ ಮುಗಿಯುವ ಕೆಲಸ.

ಇಷ್ಟೆಲ್ಲ ಮಾಡಿಯೂ ಬಿರುಕು ಬಿಟ್ಟರೆ ಆ ಕ್ಷಣಕ್ಕೆ ಏನೂ ಅಂಟಿಸಬೇಡಿ. ಅಂಗಡಿಯಲ್ಲಿ ಸಿಗುವ ಶೀಘ್ರ ಅಂಟು ಮರದ ನಾರಿನೊಳಗೆ ಇಳಿದು ಮುಂದಿನ ದುರಸ್ತಿಯನ್ನೇ ಕೆಡಿಸುತ್ತದೆ. ತಂತಿ ಸಡಿಲಿಸಿ, ಪೆಟ್ಟಿಗೆಯಲ್ಲಿ ತೇವಾಂಶವನ್ನು ನಿಧಾನವಾಗಿ 50ಕ್ಕೆ ತಂದು ಒಂದೆರಡು ವಾರ ಬಿಡಿ. ಬಿರುಕು ಬಹಳ ಸಲ ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಓರೆ ಬೆಳಕಿನಲ್ಲಿ ಒಳಗಿನಿಂದ, ಹೊರಗಿನಿಂದ ಫೋಟೊ ತೆಗೆದು ತಯಾರಕರಿಗೆ ಕಳಿಸಿ, ಅವರು ಬಳಸಿದ ಅಂಟು ಯಾವುದು ಎಂದು ಕೇಳಿಕೊಂಡು, ಆ ಉತ್ತರದ ಸಮೇತ ದುರಸ್ತಿಯವರ ಬಳಿ ಹೋಗಿ.